ಫಾರೆಸ್ಟ್ ಗಾರ್ಡ್ ಪರೀಕ್ಷೆಗೆ ಧಾರವಾಡದಲ್ಲಿ ಮೂರು ತಿಂಗಳ ಕೋಚಿಂಗ್: ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಸೆಂಟರ್‌ನ ಹೆಸರು ಬರೆಯುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಪ್ತಾಪುರದಲ್ಲಿದೆ, ಅಷ್ಟು ಸಾಕು. ಧಾರವಾಡ ನೋಡಿದವರಿಗೆ ಸಪ್ತಾಪುರ ಗೊತ್ತಿರುತ್ತದೆ. ಒಂದು ಓಣಿಗೆ ಹತ್ತು ಬೋರ್ಡು, ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ, ಈಗ ಅದರ ಕೆಳಗೆ ಹೊಸದಾಗಿ "ಫಾರೆಸ್ಟ್ ಗಾರ್ಡ್ ಸ್ಪೆಷಲ್ ಬ್ಯಾಚ್". ನಾನು ಆಗಸ್ಟ್‌ನಿಂದ ಅಕ್ಟೋಬರ್ ತನಕ ಅಂಥ ಒಂದು ಬ್ಯಾಚ್‌ನಲ್ಲಿ ಇದ್ದೆ. ಸೇರುವ ಮುಂಚೆ ಒಂದು ಸರಿಯಾದ ಅಭಿಪ್ರಾಯ ಎಲ್ಲೂ ಓದಲು ಸಿಗಲಿಲ್ಲ. ಸಿಕ್ಕಿದ್ದೆಲ್ಲ "ಸೂಪರ್ ಸರ್", "ಬೆಸ್ಟ್ ಕೋಚಿಂಗ್" ಅಷ್ಟೇ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಮ್ಮದು ಹಾನಗಲ್ ತಾಲ್ಲೂಕಿನ ಹಳ್ಳಿ. ಮುಂಡಗೋಡದ ಕಾಡು ನಮಗೆ ದೂರವಲ್ಲ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಆ ಕಡೆಯಿಂದ ಆನೆ ಬಂದು ನಮ್ಮ ಭತ್ತದ ಗದ್ದೆಯಲ್ಲಿ ರಾತ್ರಿಯಿಡೀ ಓಡಾಡಿದವು. ಊರಿಗೆ ಊರೇ ತಮಟೆ ಬಡಿಯುತ್ತಿತ್ತು, ಪಟಾಕಿ ಹಚ್ಚುತ್ತಿತ್ತು. ಗಾರ್ಡ್ ಒಬ್ಬರು ಬೈಕ್ ಮೇಲೆ ಬಂದು ಮೊದಲು ಮಾಡಿದ ಕೆಲಸ ಅಂದರೆ ಎಲ್ಲರನ್ನೂ ಸುಮ್ಮನಿರಿಸಿದ್ದು. ಆನೆಗೆ ಹೋಗಲು ಒಂದು ಕಡೆ ದಾರಿ ಬಿಡಿ, ನಾಲ್ಕೂ ಕಡೆ ನಿಂತು ಕೂಗಿದರೆ ಅದು ಎಲ್ಲಿ ಹೋಗಬೇಕು ಅಂದರು. ಬೆಳಗಿನ ತನಕ ನಮ್ಮ ಗದ್ದೆಯ ಬದುವಿನ ಮೇಲೆ ಇದ್ದರು. ಮರುದಿನ ಬೆಳೆ ಪರಿಹಾರದ ಅರ್ಜಿಯನ್ನು ಅಪ್ಪನ ಪಕ್ಕ ಕೂತು ತಾವೇ ತುಂಬಿಸಿಕೊಟ್ಟರು. ಈ ಕೆಲಸ ಬೇಕು ಅಂತ ನನಗೆ ಅನ್ನಿಸಿದ್ದು ಆವತ್ತು.

2023ರ ಕೊನೆಯಲ್ಲಿ 540 ಗಸ್ತು ಅರಣ್ಯ ಪಾಲಕ, ಅಂದರೆ ಫಾರೆಸ್ಟ್ ಗಾರ್ಡ್ ಹುದ್ದೆಗೆ ಅರ್ಜಿ ಕರೆದಾಗ ಹಾಕಿದ್ದೆ, ಆಗಲಿಲ್ಲ. ಮುಂದಿನ ಸಲಕ್ಕೆ ಸರಿಯಾಗಿ ತಯಾರಾಗಬೇಕು ಅಂತ ಧಾರವಾಡಕ್ಕೆ ಬಂದೆ.

ಫೀ ಮೂರು ತಿಂಗಳಿಗೆ 18,000 ರೂಪಾಯಿ. ಇದರಲ್ಲಿ ಕ್ಲಾಸು, ಗ್ರೌಂಡು, ಪ್ರಿಂಟ್ ಮಾಡಿದ ನೋಟ್ಸು, ವಾರಕ್ಕೊಂದು ಟೆಸ್ಟ್ ಎಲ್ಲ ಸೇರಿದೆ. ಪಿಜಿ ಮತ್ತು ಊಟ ಬೇರೆ, ನನಗೆ ತಿಂಗಳಿಗೆ ಐದೂವರೆ ಸಾವಿರ ಬಿತ್ತು. ಬೆಳಿಗ್ಗೆ ಐದೂವರೆಗೆ ಗ್ರೌಂಡು, ಹತ್ತರಿಂದ ಒಂದೂವರೆ ಕ್ಲಾಸು, ಸಂಜೆ ಮತ್ತೆ ಒಂದು ಗಂಟೆ ಗ್ರೌಂಡು. ಬ್ಯಾಚ್‌ನಲ್ಲಿ ಸುಮಾರು ಎಪ್ಪತ್ತು ಜನ, ಅದರಲ್ಲಿ ಹುಡುಗಿಯರು ಹದಿನೆಂಟು.

ಗ್ರೌಂಡಿನ ವಿಷಯ ಮೊದಲು ಹೇಳುತ್ತೇನೆ. ಎಲ್ಲರೂ ಇದಕ್ಕೇ ಬರುವುದು, ನನಗೆ ಜಾಸ್ತಿ ನೋವಾಗಿದ್ದೂ ಇಲ್ಲೇ. ಓಟ, ಉದ್ದ ಜಿಗಿತ, ಎತ್ತರ ಜಿಗಿತ, ಗುಂಡು ಎಸೆತ, ಇವನ್ನು ಮಾಡಿಸುತ್ತಾರೆ. ಗುಂಡು ಎಸೆತ ಕಲಿಸಿದ್ದು ನಿಜವಾಗಿಯೂ ಚೆನ್ನಾಗಿತ್ತು. ಹುಡುಗರದ್ದು 7.26 ಕೆಜಿ ಗುಂಡು, ನಮ್ಮ ಹುಡುಗಿಯರದ್ದು 4 ಕೆಜಿ. ನಾನು ಅಲ್ಲಿಯ ತನಕ ಕ್ರಿಕೆಟ್ ಚೆಂಡು ಎಸೆದ ಹಾಗೆ ಎಸೆಯುತ್ತಿದ್ದೆ. ಗುಂಡು ಕುತ್ತಿಗೆಗೆ ಒತ್ತಿಕೊಂಡಿರಬೇಕು, ಬಲ ಕಾಲಿನಿಂದ ಹುಟ್ಟಿ ಸೊಂಟಕ್ಕೆ ಬಂದು ಕೊನೆಗೆ ಕೈಗೆ ಬರಬೇಕು, ಎಸೆಯುವುದಲ್ಲ, ತಳ್ಳುವುದು ಅಂತ ಗ್ರೌಂಡ್ ಸರ್ ಒಬ್ಬೊಬ್ಬರ ಹತ್ತಿರ ನಿಂತು ತೋರಿಸಿದರು. ಎರಡೇ ವಾರದಲ್ಲಿ ಒಂದು ಮೀಟರಿಗಿಂತ ಜಾಸ್ತಿ ಮುಂದೆ ಹೋಯಿತು.

ಓಟದಲ್ಲಿ ಮಾತ್ರ ಎಡವಟ್ಟು ಮಾಡಿದರು. ಆಗಸ್ಟ್‌ನಲ್ಲಿ ಧಾರವಾಡದ ಮಳೆ ಹೇಗೆ ಅಂತ ಗೊತ್ತಲ್ವಾ, ಮೈದಾನ ಎಲ್ಲ ಕೆಸರು. ಅದಕ್ಕೆ ಎಪ್ಪತ್ತೂ ಜನರನ್ನು ಡಾಂಬರು ರಸ್ತೆಯ ಮೇಲೆ ಓಡಿಸಿದರು, ಮೊದಲ ದಿನದಿಂದಲೇ, ಎಲ್ಲರಿಗೂ ಒಂದೇ ದೂರ. ಮುಂಚಿನಿಂದ ಓಡುತ್ತಿದ್ದ ಹುಡುಗರೂ ಅಷ್ಟೇ, ಹೊಸದಾಗಿ ಶೂ ಕಟ್ಟಿದವರೂ ಅಷ್ಟೇ. ಮೂರನೇ ವಾರಕ್ಕೆ ನನಗೆ ಮೊಣಕಾಲಿನ ಕೆಳಗೆ ಮುಂದುಗಡೆಯ ಎಲುಬು ನೋಯಲು ಶುರುವಾಯಿತು. ಹೇಳಿದೆ. "ಎಲ್ಲರಿಗೂ ಬರುತ್ತದೆ, ತಡೆದುಕೊಳ್ಳಿ" ಅಂದರು. ತಡೆದುಕೊಂಡೆ. ಹತ್ತು ದಿನಕ್ಕೆ ಮೆಟ್ಟಿಲು ಇಳಿಯಲು ಆಗದಷ್ಟು ಆಯಿತು. ಫಿಸಿಯೋಥೆರಪಿ ಮಾಡುವವರ ಹತ್ತಿರ ಹೋದಾಗ ಅವರು ಇದು ಗಟ್ಟಿ ನೆಲದ ಮೇಲೆ ಒಮ್ಮೆಲೇ ಜಾಸ್ತಿ ಓಡಿದ್ದಕ್ಕೆ ಬಂದದ್ದು, ಮೂರು ವಾರ ಓಡಲೇಬೇಡಿ ಅಂದರು. ಮೂರು ತಿಂಗಳ ಕೋರ್ಸಿನಲ್ಲಿ ಮೂರು ವಾರ ಹೋಯಿತು. ನನ್ನ ಜೊತೆ ಇನ್ನೂ ಐದು ಜನರಿಗೆ ಇದೇ ಆಯಿತು, ಒಬ್ಬಳಂತೂ ಕೋರ್ಸ್ ಬಿಟ್ಟು ಊರಿಗೆ ಹೋದಳು. ಅವಳಪ್ಪ ಸಾಲ ಮಾಡಿ ಫೀ ಕಟ್ಟಿದ್ದರು. ಒಂದು ರೂಪಾಯಿಯೂ ವಾಪಸ್ ಕೊಡಲಿಲ್ಲ. ಇದನ್ನು ನಾನು ಮರೆಯುವುದಿಲ್ಲ.

ಸೇರುವವರು ದಯವಿಟ್ಟು ಇದೊಂದು ಮಾಡಿ: ಕೋರ್ಸ್ ಶುರುವಾಗುವ ಎರಡು ತಿಂಗಳ ಮುಂಚೆಯೇ ನಿಮ್ಮ ಊರಿನ ಮಣ್ಣಿನ ದಾರಿಯಲ್ಲಿ ದಿನಾ ನಡೆಯಿರಿ, ಆಮೇಲೆ ನಿಧಾನ ಓಡಿ. ಶೂ ಒಳ್ಳೆಯದು ತೆಗೆದುಕೊಳ್ಳಿ, ನಾನು ಹಾಕಿದ್ದ ತೆಳು ತಳದ ಕ್ಯಾನ್ವಾಸ್ ಡಾಂಬರಿಗೆ ಆಗುವುದಲ್ಲ. ಮತ್ತೆ ಎಷ್ಟು ಮೀಟರು, ಎಷ್ಟು ನಿಮಿಷ ಅನ್ನುವುದನ್ನು ಇಲಾಖೆಯ ಅಧಿಸೂಚನೆಯಲ್ಲೇ ನೋಡಿ. ವಾಚರ್‌ಗೆ, ಗಾರ್ಡ್‌ಗೆ, ರೇಂಜರ್‌ಗೆ ಒಂದೇ ಅಂದುಕೊಂಡು ನಮ್ಮ ಬ್ಯಾಚ್‌ನಲ್ಲೇ ಬಹಳ ಜನ ಬೇರೆ ಯಾವುದೋ ಪರೀಕ್ಷೆಯ ಅಳತೆ ಹಿಡಿದು ಓಡುತ್ತಿದ್ದರು.

ಇನ್ನು ಕ್ಲಾಸು. ಸಾಮಾನ್ಯ ಜ್ಞಾನ ಮತ್ತು ಗಣಿತ ಚೆನ್ನಾಗಿತ್ತು, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಣಿತದ ಮೇಡಂ ತುಂಬಾ ತಾಳ್ಮೆಯವರು, ಪಿಯುಸಿಯಲ್ಲಿ ಆರ್ಟ್ಸ್ ಓದಿದವರಿಗೂ ಅರ್ಥವಾಗುವ ಹಾಗೆ ಹೇಳುತ್ತಿದ್ದರು.

ಬೇಜಾರಾಗಿದ್ದು ಅರಣ್ಯ ಮತ್ತು ವನ್ಯಜೀವಿ ವಿಷಯದ ನೋಟ್ಸು ನೋಡಿ. ಬೋರ್ಡಿನ ಮೇಲೆ "ಫಾರೆಸ್ಟ್ ಸ್ಪೆಷಲ್" ಅಂತ ಬರೆದವರು ಇದರಲ್ಲೇ ತಪ್ಪಬಾರದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆರು ಅನುಸೂಚಿ (ಯಾವ ಜೀವಿಗೆ ಎಷ್ಟು ರಕ್ಷಣೆ ಅನ್ನುವ ಪಟ್ಟಿ) ಇವೆ ಅಂತ ಬರೆದು, ಐದನೆಯದರಲ್ಲಿ ಕಾಗೆ, ಇಲಿ, ಬಾವಲಿ ಬರುತ್ತವೆ ಅಂತ ಬಾಯಿಪಾಠ ಮಾಡಿಸಿದರು. 2022ರ ತಿದ್ದುಪಡಿ ಬಂದು, ಅದು 2023ರ ಏಪ್ರಿಲ್ 1ರಿಂದ ಜಾರಿಯಾಗಿ, ಅನುಸೂಚಿ ಈಗ ನಾಲ್ಕೇ ಇವೆ. ಮೊದಲನೆಯದು ಹೆಚ್ಚಿನ ರಕ್ಷಣೆಯ ಪ್ರಾಣಿಗಳದು, ಎರಡನೆಯದು ಅದಕ್ಕಿಂತ ಕಡಿಮೆ ರಕ್ಷಣೆಯ ಪ್ರಾಣಿಗಳದು, ಮೂರನೆಯದು ಗಿಡಮರಗಳದು, ನಾಲ್ಕನೆಯದು ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದದಲ್ಲಿ ಬರುವ ಜೀವಿಗಳದು. ಆ ಕಾಗೆ ಇಲಿಯ ಪಟ್ಟಿಯೇ ಈಗ ಇಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಹೆಸರು 2023ರಲ್ಲಿ ಬದಲಾಗಿದ್ದೂ ನೋಟ್ಸ್‌ನಲ್ಲಿರಲಿಲ್ಲ. ಹುಲಿ ಎಣಿಕೆ ಹೆಜ್ಜೆಗುರುತಿನಿಂದ ಮಾಡುತ್ತಾರೆ ಅಂತ ಇತ್ತು. ಅದನ್ನು ಬಿಟ್ಟು ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದರೆ ತಾನಾಗಿಯೇ ಫೋಟೋ ತೆಗೆಯುವ ಕ್ಯಾಮೆರಾ) ಲೆಕ್ಕಕ್ಕೆ ಬಂದದ್ದು 2006ರ ಅಂದಾಜಿನಿಂದ! ಅಂದರೆ ಈ ನೋಟ್ಸ್ ಬರೆದವರು ಎಷ್ಟೋ ವರ್ಷದ ಹಿಂದಿನ ಪುಸ್ತಕ ನೋಡಿ ಇಳಿಸಿದ್ದಾರೆ. ಎದ್ದು ನಿಂತು ಕೇಳಿದೆ. "ಪರೀಕ್ಷೆಯಲ್ಲಿ ಹಳೇದೇ ಕೇಳುತ್ತಾರೆ" ಅಂದರು. ನನಗೆ ಇದು ಒಪ್ಪಿಗೆಯಾಗಲಿಲ್ಲ. ಪರೀಕ್ಷೆ ಹೋಗಲಿ, ನಾಳೆ ಚಿಪ್ಪುಹಂದಿ ಹಿಡಿದವನ ಮೇಲೆ ಕೇಸು ಬರೆಯುವಾಗ ಅನುಸೂಚಿ ತಪ್ಪಾದರೆ ಕೋರ್ಟಿನಲ್ಲಿ ನಿಲ್ಲಬೇಕಾದದ್ದು ಯಾರು?

ಇಷ್ಟು ಓದಿ ಬೇಡಪ್ಪ ಈ ಸೆಂಟರ್ ಅಂದುಕೊಂಡಿರುತ್ತೀರಿ. ಆದರೆ ಭಾನುವಾರದ ಕ್ಲಾಸಿನ ಬಗ್ಗೆ ಇನ್ನೂ ಹೇಳಿಲ್ಲ.

ಭಾನುವಾರ ಬೆಳಿಗ್ಗೆ ಒಬ್ಬ ನಿವೃತ್ತ ಫಾರೆಸ್ಟರ್ ಬರುತ್ತಿದ್ದರು. ವಾಚರ್ ಆಗಿ ಸೇರಿ ಗಾರ್ಡ್ ಆಗಿ ಕೊನೆಗೆ ಉಪ ವಲಯ ಅರಣ್ಯಾಧಿಕಾರಿಯಾಗಿ ನಿವೃತ್ತಿ ಆದವರು. ಅವರ ಕ್ಲಾಸು ವೇಳಾಪಟ್ಟಿಯಲ್ಲಿ "ಐಚ್ಛಿಕ" ಅಂತ ಇತ್ತು, ಮೊದಲ ಭಾನುವಾರ ಹೋದದ್ದು ಹನ್ನೊಂದೇ ಜನ. ಕೊನೆಯ ಭಾನುವಾರ ಅರವತ್ತು ಜನ ಇದ್ದೆವು.

ಮೊದಲ ದಿನ ಅವರು ನಮ್ಮನ್ನು ರೂಮಿನೊಳಗೆ ಕೂರಿಸಲೇ ಇಲ್ಲ. ರಸ್ತೆ ಪಕ್ಕದ ಒಂದು ಮರದ ಹತ್ತಿರ ಕರೆದುಕೊಂಡು ಹೋಗಿ ಟೇಪು ಕೊಟ್ಟು ಅಳೆಯಿರಿ ಅಂದರು. ಒಬ್ಬ ಬುಡ ಅಳೆದ, ಇನ್ನೊಬ್ಬ ತನ್ನ ಎದೆಯ ಮಟ್ಟಕ್ಕೆ ಅಳೆದ. ನಿಂತ ಮರದ ಸುತ್ತಳತೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯಬೇಕು, ಇಳಿಜಾರಿನಲ್ಲಿದ್ದರೆ ಮೇಲಿನ ಕಡೆಯಿಂದ ಅಳೆಯಬೇಕು ಅಂತ ತೋರಿಸಿದರು. ನಿಮ್ಮ ಎದೆ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನು ಒಂದು ಸಲ ಟೇಪಿನಲ್ಲಿ ನೋಡಿಕೊಂಡುಬಿಡಿ, ಆಮೇಲೆ ಜೀವನಪೂರ್ತಿ ಅಳತೆಯ ಕಡ್ಡಿ ಹುಡುಕಬೇಕಾಗಿಲ್ಲ ಅಂದರು. ನನಗೆ 1.37 ಮೀಟರ್ ಭುಜಕ್ಕೆ ಬರುತ್ತದೆ. ಆಮೇಲೆ ಬಿದ್ದ ದಿಮ್ಮಿಯ ಲೆಕ್ಕ: ನಡು ಭಾಗದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ. ಸುತ್ತಳತೆ 1.2 ಮೀಟರ್, ಉದ್ದ 3 ಮೀಟರ್ ಇದ್ದರೆ 0.27 ಘನ ಮೀಟರ್. ಕ್ಲಾಸಿನಲ್ಲಿ ಇದೇ ಸೂತ್ರ ಬೋರ್ಡಿನ ಮೇಲೆ ಬರೆದಿದ್ದರು, ಒಬ್ಬರಿಗೂ ತಲೆಗೆ ಹೋಗಿರಲಿಲ್ಲ.

ಎರಡನೇ ಭಾನುವಾರ ಮಹಜರು, ಅಂದರೆ ಸ್ಥಳದಲ್ಲೇ ಸಾಕ್ಷಿಗಳ ಮುಂದೆ ಬರೆಯುವ ವರದಿ, ಬರೆಸಿದರು. ರಾತ್ರಿ ಎರಡು ಗಂಟೆಗೆ ಗಂಧದ ತುಂಡು ಸಿಕ್ಕಿದೆ, ಆರೋಪಿ ಓಡಿಹೋಗಿದ್ದಾನೆ, ಒಂದು ಬೈಕ್ ಬಿಟ್ಟು ಹೋಗಿದ್ದಾನೆ, ಬರೆಯಿರಿ ಅಂದರು. ನಾವು ಕಥೆ ಬರೆದ ಹಾಗೆ ಬರೆದೆವು. ಅವರು ಒಂದೊಂದನ್ನೇ ಓದಿ ಕೇಳುತ್ತಾ ಹೋದರು. ವೇಳೆ ಎಲ್ಲಿ? ಸ್ಥಳದ ಚಕ್ಕುಬಂದಿ ಎಲ್ಲಿ? ಪಂಚರು ಯಾರು, ಅವರ ಸಹಿ ಎಲ್ಲಿ? ತುಂಡು ಎಷ್ಟು, ಒಂದೊಂದರ ಉದ್ದ ಎಷ್ಟು, ತೂಕ ಎಷ್ಟು? ಬೈಕಿನ ನಂಬರು ಬರೆದಿದ್ದೀರಿ, ಚಾಸಿಸ್ ನಂಬರು ಯಾಕೆ ಬಿಟ್ಟಿರಿ, ನಂಬರ್ ಪ್ಲೇಟು ಬದಲಾಯಿಸಲು ಎರಡು ನಿಮಿಷ ಸಾಕು. ಟಾರ್ಚ್ ಬೆಳಕಿನಲ್ಲಿ ಬರೆದಿದ್ದರೆ ಟಾರ್ಚ್ ಬೆಳಕಿನಲ್ಲಿ ಅಂತಲೇ ಬರೆಯಬೇಕು, ಇಲ್ಲವಾದರೆ ಎದುರು ವಕೀಲರು ಕತ್ತಲಲ್ಲಿ ಹೇಗೆ ಕಂಡಿತು ಅಂತ ಕೇಳುತ್ತಾರೆ ಅಂದರು. ಈ ಒಂದು ಬೆಳಿಗ್ಗೆಯಲ್ಲಿ ಕಲಿತದ್ದು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಹಳಿಯಾಳ ರಸ್ತೆಯ ಕಡೆ ಕಾಡಂಚಿನ ಒಂದು ಹಳ್ಳಿಗೆ ಕರೆದುಕೊಂಡು ಹೋದರು. ಬಸ್ ಚಾರ್ಜು ನಮ್ಮದೇ. ಕಾಡಿನೊಳಗೆ ಹೋಗಲಿಲ್ಲ, ಅನುಮತಿ ಇಲ್ಲದೆ ಒಳಗೆ ಕಾಲಿಡುವುದು ತಪ್ಪು, ನಾಳೆ ನೀವೇ ಹಿಡಿಯಬೇಕಾದ ತಪ್ಪು ಅಂದರು. ಹೊಲದ ಬದುವಿನ ಮೇಲೆಯೇ ನಡೆದೆವು. ಕೆಸರಿನಲ್ಲಿ ಆನೆಯ ಹೆಜ್ಜೆ ಇತ್ತು. ಮುಂಗಾಲಿನದು ದುಂಡಗೆ, ಹಿಂಗಾಲಿನದು ಮೊಟ್ಟೆಯ ಹಾಗೆ ಉದ್ದ. ದಾರ ಹಾಕಿ ಮುಂಗಾಲಿನ ಹೆಜ್ಜೆಯ ಸುತ್ತಳತೆ ತೆಗೆಸಿದರು, 1 ಮೀಟರ್ 20 ಸೆಂಟಿಮೀಟರ್ ಬಂತು. ಅದರ ಎರಡರಷ್ಟು ಹೆಚ್ಚುಕಡಿಮೆ ಆನೆಯ ಭುಜದ ಎತ್ತರ, ಅಂದರೆ 2.4 ಮೀಟರ್. ಲದ್ದಿ ಒಡೆದು ತೋರಿಸಿದರು, ಒಳಗೆ ಭತ್ತದ ಎಲೆ ಇರಲಿಲ್ಲ, ಬಿದಿರಿನ ನಾರು ಇತ್ತು. ಹಾಗಾದರೆ ಇದು ಇನ್ನೂ ಗದ್ದೆಗೆ ಇಳಿದಿಲ್ಲ, ಸುಮ್ನೆ ಹಾದು ಹೋಗಿದೆ ಅಂದರು. ಒಂಬತ್ತನೇ ಕ್ಲಾಸಿನಿಂದ ನಾನು ಆನೆಗೆ ಹೆದರಿಕೊಂಡೇ ಬಂದವಳು. ಆವತ್ತು ಆ ಹೆಜ್ಜೆಯ ಪಕ್ಕ ಕೂತು ದಾರ ಹಿಡಿದಿದ್ದೆ, ಕೈ ನಡುಗಲಿಲ್ಲ.

ಅವರು ನಡೆಯುವಾಗ ಆಗಾಗ ನಿಂತುಬಿಡುತ್ತಿದ್ದರು. ಒಂದು ಚಿಟಿಕೆ ಒಣ ಮಣ್ಣು ಬಿಟ್ಟು ಗಾಳಿ ಯಾವ ಕಡೆ ಅಂತ ನೋಡುತ್ತಿದ್ದರು. ನಾವು ಅವಸರ ಮಾಡಿದರೆ, "ಕಾಡಾಗ ಓಡೂದು ಕಡಿಮಿ ತಂಗಿ, ನಿಂತು ಕೇಳೂದು ಜಾಸ್ತಿ" ಅನ್ನುತ್ತಿದ್ದರು. ಮತ್ತಿ ಮರದ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಇರುತ್ತದೆ ಅಂತ ಮುಟ್ಟಿಸಿ ತೋರಿಸಿದ್ದು, ಬೀಟೆ, ಹೊನ್ನೆ, ನಂದಿ, ದಿಂಡಿಗ ಅಂತ ಎಲೆ ಕೈಗೆ ಕೊಟ್ಟು ಹೆಸರು ಹೇಳಿಸಿದ್ದು, ಎಲ್ಲ ನೆನಪಿದೆ. ಲಂಟಾನ ಅನ್ನುವ ಕಳೆ ಗಿಡ ಕಿತ್ತು ಅದರ ಬೇರು ತೋರಿಸಿ, ಇದು ಒಣಗಿದರೆ ಬೇಸಿಗೆಯಲ್ಲಿ ಬೆಂಕಿಗೆ ಸೀಮೆಎಣ್ಣೆ ಸುರಿದ ಹಾಗೆ ಅಂದರು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ಸುದ್ದಿಯಲ್ಲಿ ಕೇಳಿದ್ದ ಲಂಟಾನ ಇದೇನಾ ಅಂತ ಆಗ ಗೊತ್ತಾಯಿತು.

ಸೆಪ್ಟೆಂಬರ್ 11 ಅರಣ್ಯ ಹುತಾತ್ಮರ ದಿನ. 1730ರಲ್ಲಿ ರಾಜಸ್ಥಾನದ ಖೇಜರ್ಲಿಯಲ್ಲಿ ಮರ ಉಳಿಸಲು ಪ್ರಾಣ ಕೊಟ್ಟ ಬಿಷ್ಣೋಯಿಗಳ ನೆನಪಿನ ದಿನ ಅದು. ಅದರ ಹತ್ತಿರದ ಭಾನುವಾರ ಸರ್ ಯಾವ ಪಾಠವನ್ನೂ ಮಾಡಲಿಲ್ಲ. 1991ರ ನವೆಂಬರ್‌ನಲ್ಲಿ ವೀರಪ್ಪನ್ ಕೈಯಲ್ಲಿ ಸತ್ತ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಬಗ್ಗೆ ಹೇಳಿದರು. 2018ರ ಮಾರ್ಚ್‌ನಲ್ಲಿ ನಾಗರಹೊಳೆಯಲ್ಲಿ ಆನೆ ದಾಳಿಗೆ ಸಿಕ್ಕ ಅಲ್ಲಿನ ನಿರ್ದೇಶಕ ಮಣಿಕಂದನ್ ಅವರ ಬಗ್ಗೆ ಹೇಳಿದರು. 2017ರಲ್ಲಿ ಬಂಡೀಪುರದಲ್ಲಿ ಬೆಂಕಿ ನಂದಿಸುತ್ತಲೇ ಪ್ರಾಣ ಬಿಟ್ಟ ಯುವ ಗಾರ್ಡ್ ಬಗ್ಗೆ ಹೇಳುವಾಗ ಅವರ ಧ್ವನಿ ನಿಂತುಹೋಯಿತು. ಆಮೇಲೆ ಕೇಳಿದರು: ಮನೆಯಲ್ಲಿ ಅಪ್ಪ ಅವ್ವನಿಗೆ ಇದನ್ನು ಹೇಳಿ ಬಂದಿದ್ದೀರಾ, ಸರ್ಕಾರಿ ನೌಕರಿ ಅಂತ ಮಾತ್ರ ಹೇಳಿದ್ದೀರಾ? ನಾನು ಆವತ್ತು ರಾತ್ರಿ ಫೋನ್ ಮಾಡಿ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವತ್ತು ನಮ್ಮ ಗದ್ದೆಗೆ ಬಂದವರೂ ಯಾರದೋ ಮಗನೇ ಅಲ್ವಾ" ಅಂದರು.

ಹೆಣ್ಣುಮಕ್ಕಳಿಗೆ ಒಂದು ಮಾತು. ಹುದ್ದೆಗಳಲ್ಲಿ ನಮಗೆ ಶೇ. 33 ಮೀಸಲಾತಿ ಇದೆ ಅಂತ ಸೆಂಟರ್‌ನವರು ದಿನಾ ಹೇಳುತ್ತಾರೆ, ಅದು ಹೇಳಿದರೆ ಅಡ್ಮಿಷನ್ ಆಗುತ್ತದೆ. ಆದರೆ ಕಳ್ಳಬೇಟೆ ತಡೆ ಕ್ಯಾಂಪ್‌ನಲ್ಲಿ ರಾತ್ರಿ ಇರುವುದು ಹೇಗೆ, ಮುಟ್ಟಿನ ದಿನಗಳಲ್ಲಿ ಉದ್ದ ಗಸ್ತು ಹೇಗೆ, ನೀರು ಎಲ್ಲಿಂದ, ಇದನ್ನು ಒಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ. ನಾವು ಹದಿನೆಂಟು ಜನ ಸೇರಿ ಭಾನುವಾರದ ಸರ್‌ಗೆ ಕೇಳಿದೆವು. ಅವರು ಮುಜುಗರ ಪಡದೆ, ಇದನ್ನು ನಾನು ಹೇಳುವುದಕ್ಕಿಂತ ಮಾಡುತ್ತಿರುವವರೇ ಹೇಳಲಿ ಅಂತ ತಮ್ಮ ಕೈಕೆಳಗೆ ಕೆಲಸ ಮಾಡಿದ್ದ ಒಬ್ಬ ಗಾರ್ಡ್ ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿ ತಾವು ಹೊರಗೆ ಹೋದರು. ಆ ಅಕ್ಕ ಮುಕ್ಕಾಲು ಗಂಟೆ ಮಾತಾಡಿದರು. ಬೂಟು ಒಂದು ಸೈಜು ದೊಡ್ಡದು ತಗೊಳ್ಳಿ, ದಪ್ಪ ಕಾಲುಚೀಲ ಹಾಕಲು ಬೇಕು ಅಂತ ಹೇಳುವುದರಿಂದ ಹಿಡಿದು, ಊರಿನ ಗಂಡಸರು ಮೊದಲ ಆರು ತಿಂಗಳು ನಿಮ್ಮ ಮಾತು ಕೇಳುವುದಿಲ್ಲ, ಏಳನೇ ತಿಂಗಳಿಗೆ ಕೇಳುತ್ತಾರೆ, ಅಲ್ಲಿಯ ತನಕ ಬೀಟ್ (ಗಸ್ತು ತಿರುಗುವ ಪ್ರದೇಶ) ಬಿಡಬೇಡಿ ಅನ್ನುವ ತನಕ. ಸೆಂಟರ್‌ನವರು ಇಂಥವರನ್ನು ತಿಂಗಳಿಗೆ ಒಂದು ಸಲ ಕರೆಸಿದ್ದರೆ ಏನು ಹೋಗುತ್ತಿತ್ತು?

ಇನ್ನೊಂದು, ಬ್ಯಾಚ್‌ನಲ್ಲಿ ಅರ್ಧ ಜನರಿಗೆ ಯಾವ ಹುದ್ದೆಗೆ ಏನು ದಾರಿ ಅಂತಲೇ ಸರಿಯಾಗಿ ಗೊತ್ತಿರಲಿಲ್ಲ, ಸೆಂಟರ್ ಹೇಳಲೂ ಇಲ್ಲ. ಚುಟುಕಾಗಿ ಹೇಳುತ್ತೇನೆ. ವಾಚರ್‌ಗೆ ಎಸ್‌ಎಸ್‌ಎಲ್‌ಸಿ, ಗಾರ್ಡ್ ಅಂದರೆ ಗಸ್ತು ಅರಣ್ಯ ಪಾಲಕರಿಗೆ ಪಿಯುಸಿ. ಅವರ ಮೇಲೆ ಉಪ ವಲಯ ಅರಣ್ಯಾಧಿಕಾರಿ, ಅವರ ಮೇಲೆ ರೇಂಜರ್, ಅಂದರೆ ವಲಯ ಅರಣ್ಯಾಧಿಕಾರಿ. ಪಿಯುಸಿ ಸೈನ್ಸ್ ಮಾಡಿ ಇನ್ನೂ ಓದುವ ಮನಸ್ಸಿದ್ದವರು ಶಿರಸಿ ಅಥವಾ ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಬಿಎಸ್ಸಿ ಫಾರೆಸ್ಟ್ರಿ ಮಾಡಬಹುದು. ಅಖಿಲ ಭಾರತ ಮಟ್ಟದ ಐಎಫ್‌ಎಸ್, ಅಂದರೆ ಭಾರತೀಯ ಅರಣ್ಯ ಸೇವೆ ಬೇಕಾದರೆ ಯುಪಿಎಸ್‌ಸಿಯ ಸಿವಿಲ್ ಸರ್ವಿಸ್ ಪ್ರಿಲಿಮ್ಸ್ ಮೂಲಕವೇ ಹೋಗಬೇಕು, ಅಲ್ಲಿ ನಡಿಗೆಯ ಪರೀಕ್ಷೆಯೂ ಇದೆ, ನಾಲ್ಕು ಗಂಟೆಯಲ್ಲಿ ಗಂಡಸರಿಗೆ 25 ಕಿಲೋಮೀಟರ್, ಹೆಂಗಸರಿಗೆ 14. ನನ್ನ ಪಕ್ಕ ಕೂರುತ್ತಿದ್ದ ಹುಡುಗ ಬಿಎಸ್ಸಿ ಬಾಟನಿ ಮುಗಿಸಿದವನು, ತನಗೆ ಇದಕ್ಕೆ ಅರ್ಹತೆ ಇದೆ ಅಂತ ಅವನಿಗೆ ತಿಳಿದದ್ದೇ ಭಾನುವಾರದ ಕ್ಲಾಸಿನಲ್ಲಿ.

ಲೈಬ್ರರಿ ಚಿಕ್ಕದು, ರಾತ್ರಿ ಹತ್ತಕ್ಕೆ ಮುಚ್ಚುತ್ತಾರೆ. ವಾರದ ಟೆಸ್ಟ್ ಸರಿಯಾಗಿ ನಡೆಯುತ್ತದೆ, ಪೇಪರ್ ಮರುದಿನವೇ ಕೊಡುತ್ತಾರೆ.

ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ. ಓಟಕ್ಕೆ ಒಂದು, ನೋಟ್ಸಿಗೆ ಒಂದು ಕಳೆದಿದ್ದೇನೆ. ಭಾನುವಾರ ಇಲ್ಲದಿದ್ದರೆ ಎರಡೂ ಕೊಡುತ್ತಿರಲಿಲ್ಲ. ನೀವು ಯಾವ ಸೆಂಟರ್‌ಗೆ ಹೋದರೂ ಫೀ ಕಟ್ಟುವ ಮುಂಚೆ ಕೌಂಟರ್‌ನಲ್ಲಿ ಇದನ್ನು ಕೇಳಿ: ಬೀಟ್ ನಡೆದವರು ಇಲ್ಲಿ ಯಾರು ಪಾಠ ಮಾಡುತ್ತಾರೆ, ವಾರಕ್ಕೆ ಎಷ್ಟು ಗಂಟೆ? "ನಮ್ಮಲ್ಲಿ ಎಲ್ಲ ಎಕ್ಸ್‌ಪರ್ಟ್ ಫ್ಯಾಕಲ್ಟಿ" ಅಂತ ಉತ್ತರ ಬಂದರೆ ಮುಂದಿನ ಬೋರ್ಡಿಗೆ ಹೋಗಿ. ನೋಟ್ಸ್ ಕೈಗೆ ಇಸಿದುಕೊಂಡು ವನ್ಯಜೀವಿ ಕಾಯ್ದೆಯ ಪುಟ ತೆಗೆಯಿರಿ, ಅನುಸೂಚಿ ಆರು ಅಂತಿದ್ದರೆ ಅದು ಹಳೇದು. ಗ್ರೌಂಡ್ ಸರ್‌ಗೆ ಒಂದು ಬ್ಯಾಚಿಗೆ ಎಷ್ಟು ಜನ, ಮಳೆ ಬಂದರೆ ಎಲ್ಲಿ ಓಡಿಸುತ್ತೀರಿ ಅಂತ ಕೇಳಿ. ಬಿಟ್ಟು ಹೋದರೆ ಫೀ ಎಷ್ಟು ವಾಪಸ್ ಅನ್ನುವುದನ್ನು ಬಾಯಿಮಾತಿನಲ್ಲಿ ಬೇಡ, ಬರೆಸಿಕೊಳ್ಳಿ.

ನನ್ನ ಕಾಲು ಈಗ ವಾಸಿಯಾಗಿದೆ. ಊರಿಗೆ ಬಂದು ಕೆರೆ ಏರಿಯ ಮೇಲೆ ಓಡುತ್ತಿದ್ದೇನೆ, ಮೆತ್ತಗಿನ ಮಣ್ಣು. ಭಾನುವಾರದ ಸರ್ ಮುಂದಿನ ಬ್ಯಾಚ್‌ಗೂ ಬರುತ್ತಾರಂತೆ, ಬೆಳಿಗ್ಗೆ ಏಳಕ್ಕೆ. ಹೋಗುವವರು ಒಂದು ಐದು ಮೀಟರಿನ ಟೇಪು, ಒಂದು ಉಂಡೆ ದಾರ, ಗೆರೆ ಇಲ್ಲದ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಪೆನ್ನು ಬೇಡ, ಪೆನ್ಸಿಲ್ ತಗೊಳ್ಳಿ, ಮಳೆಯಲ್ಲಿ ಶಾಯಿ ನಿಲ್ಲುವುದಿಲ್ಲ ಅಂತ ಅವರೇ ಹೇಳಿದ್ದು.